ಮಾವ ಕೊಟ್ಟ ಟರ್ಬೋ

ಕಾರು ಪರೀಕ್ಷೆಯಲ್ಲಿ ಬಿದ್ದುಹೋಗಲಿ ಎಂದು ಅವನು ಒಂದು ತಿಂಗಳಿಂದ ಹಾರೈಸುತ್ತಿದ್ದ. ಹಾರೈಸಿದ್ದಷ್ಟೇ ಅಲ್ಲ, ಅದಕ್ಕಾಗಿ ದುಡಿದಿದ್ದ.

ಕಾರು ಮಾವನದು. ಹತ್ತೊಂಬತ್ತು ವರ್ಷ ಹಳೆಯ ಡೀಸೆಲ್ ಗಾಡಿ, ನಾಲ್ಕು ಸಿಲಿಂಡರು, ಬಲ ಹೆಚ್ಚಿಸಲು ಮೇಲೊಂದು ಟರ್ಬೋ. ನಾಲ್ಕು ಲಕ್ಷದ ಎಪ್ಪತ್ತು ಸಾವಿರ ಕಿಲೋಮೀಟರ್ ಓಡಿಯೂ ಸುಸ್ತಾಗಿರಲಿಲ್ಲ. ಬಸ್ ಡಿಪೋದಲ್ಲಿ ಹೆಡ್ ಮೆಕ್ಯಾನಿಕ್ ಆಗಿದ್ದ ಮಾವ ಅದರ ಎಂಜಿನ್ನನ್ನು ಎರಡು ಸಲ ಪೂರ್ತಿ ಬಿಚ್ಚಿ ಜೋಡಿಸಿದ್ದರು. ಕಣ್ಣು ಮಂಜಾದ ಮೇಲೆ ಕೀಲಿಯನ್ನೂ, ಎಂಜಿನ್ನಿನ ಆರೈಕೆಯ ಬಗ್ಗೆ ಕೈಯಾರೆ ಬರೆದ ನೋಟ್ ಪುಸ್ತಕವನ್ನೂ ಅಳಿಯನಿಗೆ ಒಪ್ಪಿಸಿದರು. ಮಗಳನ್ನು ಒಪ್ಪಿಸುವಾಗ ಕೂಡ ಅವರು ಅಷ್ಟು ಸಲ ಜೋಪಾನ ಎಂದಿರಲಿಲ್ಲ.

ಅಳಿಯ ಮುದ್ರಣಾಲಯದಲ್ಲಿ ಕರಡು ತಿದ್ದುವವನು. ದಿನವಿಡೀ ಬೇರೆಯವರ ಮಾತುಗಳ ನಡುವೆ ಕೂರುವ ಅವನಿಗೆ ಬೆಳಗ್ಗೆ ಕೆಲಸಕ್ಕೆ ಹೋಗುವ ಅರ್ಧ ಗಂಟೆಯ ಒಂಟಿ ನಡಿಗೆಯೊಂದೇ ಸ್ವಂತದ್ದಾಗಿತ್ತು. ಕಾರು ಬಂದ ದಿನ ಅದು ಹೋಯಿತು. ಪಕ್ಕದ ಮನೆಯ ಔಷಧಿ ಅಂಗಡಿಯವರು ದಾರಿಯಲ್ಲೇ ತಾನೇ ಎಂದು ಹತ್ತಿದರು. ಎದುರು ಮನೆಯ ದರ್ಜಿ ಅಕ್ಕ ಹೊಲಿಗೆಯ ಗಂಟಿನ ಸಮೇತ ಹತ್ತಿದಳು. ಎಂಜಿನ್ ಶುರುವಾದರೂ ತಕ್ಷಣ ಹೊರಡುವಂತಿಲ್ಲ. ಟರ್ಬೋಗೆ ಎಣ್ಣೆ ಏರಲು ಎರಡು ನಿಮಿಷ. ತಲುಪಿದ ಮೇಲೂ ಆರಿಸುವಂತಿಲ್ಲ. ಟರ್ಬೋ ತಣಿಯಲು ಇನ್ನೆರಡು ನಿಮಿಷ. ಹೊರಡುವ ಮುಂಚಿನ ಎರಡು ನಿಮಿಷದಲ್ಲೇ ಔಷಧಿಯವರು ಯಾರ್ಯಾರಿಗೆ ಮಲಬದ್ಧತೆ ಎಂಬುದನ್ನು ಹೇಳಿ ಮುಗಿಸುತ್ತಿದ್ದರು. ಅಕ್ಕ ಅದೇ ಜನರ ಸೊಂಟದ ಸುತ್ತಳತೆ ಸೇರಿಸುತ್ತಿದ್ದಳು. ಅವನು ಮಾತ್ರ ತನ್ನದೇ ಶವವಾಹನ ಓಡಿಸುವವನ ಹಾಗೆ ಸ್ಟಿಯರಿಂಗ್ ಹಿಡಿದು ಕೂತಿರುತ್ತಿದ್ದ.

ಬೇಡ ಎನ್ನುವುದು ಅವನಿಂದಾಗದ ಕೆಲಸ. ಓದುವುದು ಆಗುತ್ತಿತ್ತು. ಮಾವನ ನೋಟ್ ಪುಸ್ತಕದ ಕೊನೆಗೆ ‘ಮಾಡಬಾರದ್ದು’ ಎಂಬ ಪುಟವಿತ್ತು. ಅದನ್ನು ಕರಡು ನೋಡುವ ನಿಷ್ಠೆಯಿಂದ ಓದಿ, ಸಾಲು ಸಾಲಾಗಿ ಪಾಲಿಸಿದ. ಮೇಲಿನ ಗೇರಿನಲ್ಲೇ ಎಂಜಿನ್ನನ್ನು ನರಳಿಸಿ, ನಲವತ್ತರ ವೇಗ ದಾಟದೆ, ಸೈಲೆನ್ಸರಿನ ತುಂಬ ಮಸಿ ಕಟ್ಟಿಸಿದ. ಏರ್ ಫಿಲ್ಟರ್ ಬದಲಿಸುವ ದಿನವನ್ನು ಬೇಕೆಂತಲೇ ಮರೆತ. ಬೆಲ್ಟು ಹರಿದರೆ ವಾಲ್ವುಗಳೆಲ್ಲ ಮುರಿಯುತ್ತವೆ ಎಂಬ ಸಾಲಿಗೆ ಮಾತ್ರ ಅವನ ಧೈರ್ಯ ಸಾಲಲಿಲ್ಲ. ಹಳೆಯ ಗಾಡಿಗಳಿಗೆ ಪರೀಕ್ಷೆ ಕಡ್ಡಾಯ, ಹೊಗೆ ಮಿತಿ ಮೀರಿ ಬಿದ್ದರೆ ಗುಜರಿ. ಯಾರ ಮನಸ್ಸೂ ನೋಯದ ಹಾಗೆ ಸರ್ಕಾರವೇ ಅವನ ಪರವಾಗಿ ಬೇಡ ಎಂದುಬಿಡುತ್ತಿತ್ತು.

ಪರೀಕ್ಷೆಯ ದಿನ ಆಕಾಶ ಹಳೆಯ ಅಲ್ಯುಮಿನಿಯಂ ಪಾತ್ರೆಯ ತಳದ ಹಾಗಿತ್ತು. ಅವನು ಸದ್ದಿಲ್ಲದೆ ಹೊರಬಿದ್ದರೆ, ಗೇಟಿನ ಬಳಿ ಮಾವ ಸ್ಪ್ಯಾನರುಗಳ ಚೀಲ ಹಿಡಿದು ನಿಂತಿದ್ದರು. ಔಷಧಿಯವರು ಅಂಗಡಿಗೆ ಬೀಗ ಹಾಕಿಸಿದ್ದರು. ಅಕ್ಕ ಗಿರಾಕಿಗಳಿಗೆ ನಾಳೆ ಬನ್ನಿ ಎಂದಿದ್ದಳು. ಇಂಥ ಹೊತ್ತಿನಲ್ಲಿ ಅವನೊಬ್ಬನನ್ನೇ ಬಿಡಲು ಅವರಿಗೆ ಮನಸ್ಸು ಬರಲಿಲ್ಲವಂತೆ.

ಮಾವ ಬಾನೆಟ್ ಎತ್ತಿ, ಕುರುಡರು ಮೊಮ್ಮಗುವಿನ ಮುಖ ಮುಟ್ಟುವ ಹಾಗೆ ಎಂಜಿನ್ನನ್ನು ಸವರಿದರು. ಫಿಲ್ಟರ್ ಹೊರಗೆ ಬಂತು.

“ಅಳಿಯಂದ್ರೆ, ಇದು ಫಿಲ್ಟರೋ, ಗುಬ್ಬಿ ಗೂಡೋ?”

ಅವನು ನೆಲ ನೋಡಿದ. ಕೆಲಸದ ಒತ್ತಡ ಪಾಪ ಎಂದು ಅಕ್ಕ ಅವನ ಪರ ವಹಿಸಿದಳು. ಮಾವ ಚೀಲದಿಂದ ಹೊಸ ಫಿಲ್ಟರ್ ತೆಗೆದು ಕೂರಿಸಿದರು. ಆಮೇಲೆ ಸೈಲೆನ್ಸರಿಗೆ ಬೆರಳು ಹಾಕಿ, ಮಸಿಯನ್ನು ಮೂಸಿ, ಒಳಗಿನದನ್ನೆಲ್ಲ ಉಗಿಸಬೇಕು, ದಿಣ್ಣೆ ರಸ್ತೆಗೆ ಹೊರಡಿ ಎಂದರು.

ದಿಣ್ಣೆಯ ಬುಡದಲ್ಲಿ ಮಾವನ ಆಜ್ಞೆ ಬಂತು. “ಮೂರನೇ ಗೇರಲ್ಲೇ ಇರ್ಲಿ. ಒತ್ತಿ. ಇನ್ನೂ ಒತ್ತಿ. ಅದು ಕೂಗಿದ್ರೆ ಕೂಗ್ಲಿ.”

ಅವನು ಕಾಲಿನ ಹೆಬ್ಬೆರಳಲ್ಲಷ್ಟೇ ಆಕ್ಸಿಲರೇಟರ್ ಒತ್ತಿದ. ಔಷಧಿಯವರು ಹಿಂದಿನಿಂದ ಬಾಗಿ ಅವನ ಮೊಣಕಾಲನ್ನೇ ಕೆಳಕ್ಕೆ ಅದುಮಿದರು. ಕಾರು ಒಮ್ಮೆ ಬಿಕ್ಕಿ, ಒಂದು ತಿಂಗಳ ಅವನ ಶ್ರಮವನ್ನೆಲ್ಲ ಒಂದೇ ಉಸಿರಿಗೆ ಹೊರಹಾಕಿತು. ಅವನು ಬ್ರೇಕ್ ಒತ್ತಿ ನಿಲ್ಲಿಸಿದ. ಹೊಗೆ ಕರಗಿದಾಗ ರಸ್ತೆ ಬದಿಯ ಕಾಂಪೌಂಡಿಗೆ ಬಿಳಿ ಬಣ್ಣ ಹಚ್ಚುತ್ತಿದ್ದವನೊಬ್ಬ ಏಣಿಯ ಮೇಲೆ ಕಂಡ. ಅವನ ಕಣ್ಣು, ಹಲ್ಲು ಬಿಟ್ಟರೆ ಬೇರೇನೂ ಬೆಳ್ಳಗಿರಲಿಲ್ಲ.

“ಎರಡ್ನೇ ಕೋಟು ನೀವೇ ಹೊಡೆದ್ರಾ ಸ್ವಾಮಿ?” ಎಂದು ಅವನು ಸಮಾಧಾನವಾಗಿ ಕೇಳಿದ. ಇಳಿದು ಬಂದು ಕೀಲಿ ಕಿತ್ತುಕೊಂಡ.

ತಣಿಯದ ಟರ್ಬೋ ಹಾಗೆ ದಿಢೀರನೆ ಆರಿದ್ದಕ್ಕೆ ಮಾವ ಎದೆ ಹಿಡಿದುಕೊಂಡರು. ಗೋಡೆ ಸರಿಮಾಡದೆ ಕೀಲಿ ಕೊಡುವುದಿಲ್ಲವೆಂದು ಬಣ್ಣದವನು ಹಟ ಹಿಡಿದ. ಹೊತ್ತು ಮೀರಿ ಪರೀಕ್ಷೆ ತಪ್ಪೀತು ಎಂಬ ಆಸೆಯಿಂದ ಅಳಿಯ ತೀರ ನಿಧಾನವಾಗಿ ಬ್ರಷ್ ಆಡಿಸತೊಡಗಿದ. ಆದರೆ ಅಕ್ಕ ಸೆರಗು ಸಿಕ್ಕಿಸಿ, ಔಷಧಿಯವರು ತೋಳು ಮಡಿಸಿ, ಇಪ್ಪತ್ತೇ ನಿಮಿಷದಲ್ಲಿ ಗೋಡೆ ಮುಗಿಸಿದರು.

ಪರೀಕ್ಷಾ ಕೇಂದ್ರದ ಸಾಲಿನಲ್ಲಿ ಮುದಿ ಕಾರುಗಳು ಆಸ್ಪತ್ರೆಯ ಬೆಂಚಿನ ಮೇಲಿನ ರೋಗಿಗಳಂತೆ ಕೆಮ್ಮುತ್ತ ಕಾದಿದ್ದವು. ಇನ್‌ಸ್ಪೆಕ್ಟರು ಅಗಲ ಭುಜದ, ನಗು ಮರೆತ ಮನುಷ್ಯ. ಸೈಲೆನ್ಸರಿಗೆ ಯಂತ್ರದ ಕೊಳವೆ ಸಿಕ್ಕಿಸಿ ಆಕ್ಸಿಲರೇಟರನ್ನು ಮೂರು ಸಲ ತುಳಿದರು. ಅಂಕಿ ನೋಡಿ, ಯಂತ್ರ ಕೆಟ್ಟಿದೆಯೇನೋ ಎಂದು ಮತ್ತೆ ಮೂರು ಸಲ ತುಳಿದರು.

“ಏನ್ರೀ ಇದು, ನನ್ನ ಉಸಿರಿಗಿಂತ ಚೊಕ್ಕವಾಗಿದೆ.”

ಮಾವನ ಮುಖ ಅರಳಿತು. ಅಳಿಯನದು ಬಾಡಿತು. ಇನ್ನು ಆಯುಷ್ಯವಿಡೀ ಆ ಸೊಂಟಗಳ ಸುತ್ತಳತೆ.

ಆಮೇಲೆ ಇನ್‌ಸ್ಪೆಕ್ಟರು ಗುಂಡಿಗಿಳಿದು ಕಾರಿನ ಹೊಟ್ಟೆಗೆ ಟಾರ್ಚು ಬಿಟ್ಟರು. ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಚುಚ್ಚಿದರು. ಅದು ಡ್ರೈವರ್ ಸೀಟಿನ ಕೆಳಗಿನ ತಗಡನ್ನು ಹಪ್ಪಳದಂತೆ ಮುರಿದು ಮೇಲಕ್ಕೆ ಬಂತು. ಇನ್ನೂ ಎರಡು ಕಡೆ ಚುಚ್ಚಿದರು, ಅಲ್ಲಿಯೂ ಬಂತು. ಎಂಜಿನ್ ಗಟ್ಟಿ, ಬಾಡಿ ಪೂರ್ತಿ ತುಕ್ಕು, ರಸ್ತೆಗೆ ಬಿಡುವ ಹಾಗಿಲ್ಲ ಎಂದು ಕೆಂಪು ಚೀಟಿ ಹರಿದು ಕೊಟ್ಟರು.

ಅವನಿಗೆ ಕುಣಿಯಬೇಕೆನಿಸಿತು. ಕೆಳತುಟಿ ಕಚ್ಚಿ, ಮುಖವನ್ನು ಹೇಗೋ ಜೋಲು ಮಾಡಿಕೊಂಡ. ಮಾವ ಬಾನೆಟ್ಟಿನ ಮೇಲೆ ಅಂಗೈ ಊರಿ ನಿಂತರು. “ಒಳಗಿಂದು ಇಷ್ಟು ಚೆನ್ನಾಗಿರೋವಾಗ...” ಎಂದು ಅರ್ಧಕ್ಕೇ ನಿಲ್ಲಿಸಿದರು. ಆಗ ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಆದರೂ ಒಳಗಿನ ಕುಣಿತ ನಿಲ್ಲಲಿಲ್ಲ.

ಹೊರಟವರನ್ನು ಇನ್‌ಸ್ಪೆಕ್ಟರು ಕೂಗಿ ನಿಲ್ಲಿಸಿದರು. ಟೋಪಿ ತೆಗೆದು, ಅಧಿಕಾರ ಇಳಿಸಿಟ್ಟವರ ದನಿಯಲ್ಲಿ ಮಾವನ ಹತ್ತಿರ ಬಂದರು.

“ಯಜಮಾನ್ರೆ, ಇದೇ ಮಾಡೆಲ್ ಒಂದು ನಮ್ಮನೆ ಹಿತ್ತಲಲ್ಲಿ ನಿಂತಿದೆ. ಬಾಡಿ ಕನ್ನಡಿ ಹಾಗಿದೆ, ಎಂಜಿನ್ ಸತ್ತು ಮೂರು ವರ್ಷ. ಹಾಗೇ ತಗೊಂಡು ಹೋಗಿ, ಈ ಎಂಜಿನ್ ಅದಕ್ಕೆ ಕೂರ್ಸಿ. ನಂಗೇನೂ ಬೇಡ. ದಿನಾ ಬೆಳಗ್ಗೆ ನನ್ನ ಇಲ್ಲಿಗೆ ಬಿಟ್ರೆ ಸಾಕು.”

ಮಾವ ಅವರ ಎರಡೂ ಕೈ ಹಿಡಿದುಕೊಂಡರು. ಔಷಧಿಯವರು, ಅಕ್ಕ ಆಗಲೇ ಹಿಂದೆ ಯಾರು ಎಲ್ಲಿ ಸರಿಯಬೇಕೆಂದು ಲೆಕ್ಕ ಹಾಕತೊಡಗಿದರು. ಹಿಂದೆ ಕೂತರೆ ತನಗೆ ವಾಂತಿ ಬರುತ್ತದೆ, ಮುಂದಿನ ಸೀಟೇ ಆಗಬೇಕು ಎಂದು ಇನ್‌ಸ್ಪೆಕ್ಟರು ಸಂಕೋಚದಿಂದ ತಿಳಿಸಿದರು. ದಾರಿಯಲ್ಲಿ ಮಾತಿಗೆ ಜನ ಇದ್ದರೆ ತನಗೆ ತುಂಬ ಇಷ್ಟ ಎಂದೂ ಹೇಳಿದರು.

ಅಷ್ಟರಲ್ಲಿ ಅವರ ಕಣ್ಣು ಅವನ ಮೇಲೆ ಬಿತ್ತು. “ಇವ್ರು ಯಾಕೆ ಅಳ್ತಿದಾರೆ?”

“ನಮ್ಮ ಅಳಿಯಂದ್ರ ಮನಸ್ಸು ಬೆಣ್ಣೆ. ಈ ಎಂಜಿನ್ ಅಂದ್ರೆ ಪ್ರಾಣ ಅವ್ರಿಗೆ,” ಎಂದ ಮಾವ ಅವನ ಬೆನ್ನು ಸವರಿದರು. “ಅಳಬೇಡಿ ಅಳಿಯಂದ್ರೆ. ನಾನು ಹೋದ್ರೂ ಇದು ಹೋಗಲ್ಲ.”