ಲಗ್ನಕ್ಕೆ ಕರೆಯುವವರು ಯಾರು?

ನಮ್ಮ ಕಾಕಾ ಇರುವವರೆಗೆ ಸುತ್ತಲಿನ ಹಳ್ಳಿಗಳಲ್ಲಿ ವರ ಸಿಗಬಹುದು, ಮುಹೂರ್ತ ಸಿಗಬಹುದು, ಲಗ್ನಪತ್ರಿಕೆ ಮಾತ್ರ ಸುಲಭಕ್ಕೆ ಸಿಗಲಾರದು! ಪತ್ರಿಕೆಯ ಒಕ್ಕಣೆ ಬರೆಯುವವರು ಅವರೇ. ಯಾರೂ ನೇಮಿಸಿದ್ದಲ್ಲ, ಆದರೆ ಬೇಡವೆಂದರೂ ಬಿಡುವವರಲ್ಲ. ಅವರನ್ನು ಬೈಕಿನ ಹಿಂದೆ ಕೂಡಿಸಿಕೊಂಡು ನವಲಗುಂದದ ಪ್ರೆಸ್ಸಿಗೆ ಒಯ್ಯುವವನು, ಕರಡು ತಿದ್ದುವವನು, ಕೊನೆಗೆ ಎಲ್ಲರಿಂದ ಬೈಸಿಕೊಳ್ಳುವವನು ನಾನು. ಶಾಲೆಯ ಮಾಸ್ತರನಾದ ತಪ್ಪಿಗೆ ಇಷ್ಟೂ ನನ್ನ ಕೊರಳಿಗೆ ಬಿದ್ದಿದೆ. ಸಾಕಾಗಿದೆ ಮಾರಾಯರೇ, ನಿಜವಾಗಿ ಸಾಕಾಗಿದೆ!

ವಧು, ವರ, ಮುಹೂರ್ತ, ಇವನ್ನೆಲ್ಲ ಕಾಕಾ ಚಹಾ ಆರುವುದರೊಳಗೆ ಬರೆದು ಮುಗಿಸುತ್ತಾರೆ. ಅವರು ಕುಸ್ತಿಗೆ ಇಳಿಯುವುದು ಕೆಳಗೆ, 'ಸುಖಾಗಮನ ಬಯಸುವವರು' ಎಂಬಲ್ಲಿ. ಕರೆಯುವವರು ಯಾರು? ಯಾರ ಹೆಸರು ಮೊದಲು? ಇದು ಇತ್ಯರ್ಥವಾಗದೆ ಅವರಿಗೆ ಊಟ ರುಚಿಸದು, ನನಗೆ ಊಟವೇ ಸಿಗದು.

ನಮ್ಮೂರಲ್ಲಿ ಅಣ್ಣತಮ್ಮಂದಿರಿಬ್ಬರು, ಹೊಲ ಪಾಲಾಗುವಾಗ ಮಾತು ಬಿಟ್ಟವರು. ತಂಗಿಯ ಮದುವೆಯ ಪತ್ರಿಕೆಯಲ್ಲಿ ತನ್ನ ಹೆಸರೇ ಮೊದಲು ಬರಬೇಕೆಂದು ಇಬ್ಬರಿಗೂ ಹಟ. ಅಣ್ಣ ಹಿರಿಯ ಎನ್ನೋಣವೆಂದರೆ, ವರನನ್ನು ಹುಡುಕಿ ತಂದವನು ತಮ್ಮ! ಕಾಕಾ ಒಂದಿಡೀ ದಿನ ಕಟ್ಟೆಯ ಮೇಲೆ ಕೂತು ತಲೆ ಕೆರೆದುಕೊಂಡು, ಮರುದಿನ ಪ್ರೆಸ್ಸಿನವನಿಗೆ ಅಪ್ಪಣೆ ಕೊಟ್ಟರು.

"ಹೆಸರು ದುಂಡಗ ಹಾಕಪಾ, ಕೈಯಾಗಿನ ಬಳಿ ಹಂಗ. ಬಳಿಗೆ ಮೊದಲ ಎಲ್ಲಿ, ಕಡಿ ಎಲ್ಲಿ?"

"ಮಂದಿ ಓದೂದು ಹೆಂಗ್ರಿ ಕಾಕಾ?"

"ತಿರುವ್ಯಾಡಿ ಓದ್ಲಿ. ಕೈ ಏನ ಸವೀತಾವ?"

ಹಾಗೇ ಅಚ್ಚಾಯಿತು! ಊರಿಗೆ ಊರೇ ಪತ್ರಿಕೆಯನ್ನು ಬಸ್ಸಿನ ಸ್ಟೇರಿಂಗಿನಂತೆ ತಿರುಗಿಸಿ ಓದಿತು. ಅಣ್ಣ ತನ್ನ ಹೆಸರು ಮೇಲೆ ಬರುವಂತೆ ಹಿಡಿದು ಹಂಚಿದ, ತಮ್ಮ ತನ್ನದು ಬರುವಂತೆ. ಮದುವೆಯ ದಿನ ಇಬ್ಬರೂ ಕೂಡಿ ಮಾತಾಡಿದರೆಂದು ಊರಿಗೆಲ್ಲ ಸಂತೋಷ. ಅವರು ಕೂಡಿದ್ದು ಇಂಥ ಪತ್ರಿಕೆ ಮಾಡಿಸಿ ತಂದ ಮಾಸ್ತರನನ್ನು ಬೈಯಲಿಕ್ಕೆ!

ಇನ್ನೊಮ್ಮೆ, ಸೋದರಮಾವನ ಮನೆಯಲ್ಲಿ ಬೆಳೆದ ಹುಡುಗಿಯ ಮದುವೆ. ಹೆಂಡತಿ ಸತ್ತೊಡನೆ ಕೂಸನ್ನು ಬಿಟ್ಟು ಹೋಗಿದ್ದ ತಂದೆ ಈಗ ಹೊಸ ರುಮಾಲು ಸುತ್ತಿಕೊಂಡು ಹಾಜರಾದ. ಕರೆಯುವವನು ತಾನೇ ಆಗಬೇಕಂತೆ! ಕಾಕಾ ಅವನಿಗೆ ಚಹಾ ಕೊಟ್ಟು ಮೆಲ್ಲಗೆ ಕೇಳಿದರು.

"ಹೌದಪಾ, ಹೆತ್ತಾಂವ ನೀನ. ಹುಡುಗಿ ಎಷ್ಟನೇ ಇಯತ್ತೆ ತನಕ ಕಲ್ತಾಳ ಹೇಳು?"

ಅವನು ಚಹಾಕ್ಕೆ ಸಕ್ಕರೆ ಸಾಲದು ಎಂದ.

"ಗೊತ್ತಿಲ್ಲ? ಇರ್ಲಿ ಬಿಡು. ಮಾವ ಕರೀತಾನ, ನಿನಗೂ ಒಂದು ಪತ್ರಿಕಿ ಕೊಡತೇವಿ. ಬಂದು ಉಂಡು ಹೋಗು."

ಅವನು ಸಿಟ್ಟಿನಿಂದ ಎದ್ದು ಹೋದ. ಹೋಗುವಾಗ ನನ್ನ ಬೈಕಿನ ಎರಡೂ ಗಾಲಿಗಳ ಗಾಳಿ ಬಿಟ್ಟು ಹೋಗಿದ್ದ! ಆ ಬಿಸಿಲಲ್ಲಿ ಬೈಕನ್ನು ತಳ್ಳುತ್ತ ಹೋದವನು ನಾನು. ಕಾಕಾ ಪಕ್ಕದಲ್ಲಿ ಛತ್ರಿ ಹಿಡಿದು ಬಂದರು, ತಮಗೊಬ್ಬರಿಗೇ.

ಇಂಥ ಕಾಕಾ ಈ ವರ್ಷ ನನ್ನ ಮಗಳ ಪತ್ರಿಕೆ ಬರೆಯಲು ಕೂತರು. ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಕಾಕಾ ನನ್ನನ್ನು ಹೆತ್ತ ತಂದೆ. ಅವರ ಅಣ್ಣನಿಗೆ ಮಕ್ಕಳಿರಲಿಲ್ಲ. ನಾನಿನ್ನೂ ಅಂಬೆಗಾಲಿಡುವಾಗ ಅಣ್ಣನ ಉಡಿಯಲ್ಲಿ ಹಾಕಿ ದತ್ತಕ ಕೊಟ್ಟರು. ಅಂದಿನಿಂದ ಅವರ ಅಣ್ಣ ನನಗೆ ಅಪ್ಪ, ಅಣ್ಣನ ಹೆಂಡತಿ ಅವ್ವ, ಇವರು ಕಾಕಾ. ಊರಿಗೆಲ್ಲ ಗೊತ್ತಿದ್ದ ಸಂಗತಿ, ಯಾರೂ ಆಡುವುದಿಲ್ಲ. ಇವರಂತೂ ಕೇಳಿದವರಿಗೂ ಕೇಳದವರಿಗೂ ನನ್ನನ್ನು "ನಮ್ಮಣ್ಣನ ಮಗ" ಎಂದೇ ತೋರಿಸುತ್ತಾರೆ. ಅಪ್ಪ ತೀರಿಕೊಂಡಿದ್ದಾರೆ. ಮಗಳ ಪತ್ರಿಕೆಯಲ್ಲಿ ಅಜ್ಜನೆಂದು ಇವರ ಹೆಸರಿರಲಿ ಎಂಬ ಆಸೆ ನನಗೆ ಬಹಳ ಇತ್ತು.

ಕಾಕಾ ಬರೆದು ಕೊಟ್ಟರು. ನೋಡುತ್ತೇನೆ, ಅವರ ಹೆಸರು ಎಲ್ಲರ ಕೆಳಗೆ, ನಮ್ಮ ಟ್ರ್ಯಾಕ್ಟರ್ ಡ್ರೈವರನ ಹೆಸರಿನ ಆಚೆ!

"ಇದೇನ್ರಿ ಕಾಕಾ? ಅಜ್ಜ ಅಂತ ಮ್ಯಾಲೆ ಹಾಕೂಣು."

"ಬ್ಯಾಡ. ಆ ಜಾಗಾ ನಮ್ಮಣ್ಣಂದು."

ಅವ್ವ ಒಳಗಿನಿಂದಲೇ ಗದರಿದಳು: "ಅವರಿದ್ದಿದ್ರ ಅವರ ನಿನ್ನ ಹೆಸರು ಹಾಕಸ್ತಿದ್ರು. ಸುಮ್ಮ ಬರಿಯೋ!"

"ಕೊಟ್ಟದ್ದು ಕೊಟ್ಟಂಗ ವೈನಿ. ಹೊಳ್ಳಿ ಕೇಳಬಾರದು," ಎಂದವರೇ ಛತ್ರಿ ಎತ್ತಿಕೊಂಡು ಹೊರಟರು. ಈ ಮನುಷ್ಯನೊಂದಿಗೆ ವಾದ ಮಾಡಿ ಗೆದ್ದವರು ಯಾರಿದ್ದಾರೆ? ಪತ್ರಿಕೆ ಹಾಗೇ ಅಚ್ಚಾಯಿತು. ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು.

ನಮ್ಮ ಕಡೆ ಪತ್ರಿಕೆ ಕೊಟ್ಟರೆ ಮುಗಿಯುವುದಿಲ್ಲ. ಬಾಗಿಲಲ್ಲಿ ನಿಂತು ಬಾಯಿತುಂಬ ಕರೆಯಬೇಕು, ಇಲ್ಲದಿದ್ದರೆ ಯಾರೂ ಬರುವುದಿಲ್ಲ. ಹೀಗಾಗಿ ಕಾಕಾನನ್ನು ಮತ್ತೆ ಬೈಕಿನ ಮೇಲೆ ಹೇರಿಕೊಂಡು ಊರೂರು ತಿರುಗಿದೆ. ಮೊರಬದ ಒಂದು ಮನೆಯಲ್ಲಿ ಮುದುಕಿಯೊಬ್ಬಳೇ ಇದ್ದಳು. ದೂರದ ಬೀಗರು, ನನ್ನ ಗುರುತಿಲ್ಲ. ಅವಳಿಗೆ ಕಣ್ಣೂ ಮಂಜು. ಪತ್ರಿಕೆಯನ್ನು ಕೈಯಲ್ಲಿ ಸವರುತ್ತ ಕೇಳಿದಳು, "ಯಾರದಪಾ ಲಗ್ನ?"

ನಮ್ಮಣ್ಣನ ಮಗನ ಮಗಳದು ಎನ್ನುತ್ತಾರೆಂದು ನಾನು ಬೇಸರದಿಂದ ಬೇರೆ ಕಡೆ ನೋಡುತ್ತಿದ್ದೆ.

"ನನ್ನ ಮಮ್ಮಗಳ ಲಗ್ನ ಐತಿ ಆಯಿ. ಎಲ್ಲಾರೂ ಬರಬೇಕು," ಎಂದರು ಕಾಕಾ.

ಅಂದ ಮೇಲೆ ತಾವೇ ಗಾಬರಿಯಾದರು. ಏನೋ ಕದ್ದು ಸಿಕ್ಕಿಬಿದ್ದವರ ಹಾಗೆ ನನ್ನ ಮುಖ ನೋಡಿದರು. ಅಷ್ಟು ವಯಸ್ಸಾದವರು ನನ್ನೆದುರು ಹಾಗೆ ಹೆದರಿ ನಿಂತಿದ್ದರು.

"ಛಲೋ ಆತಪಾ. ಮತ್ತ ಇಂವ ಯಾರು?" ಮುದುಕಿ ನನ್ನ ಕಡೆ ಕೈ ಮಾಡಿದಳು.

ಕಾಕಾ ಹೊರಡುವವರಂತೆ ಛತ್ರಿ ಎತ್ತಿಕೊಂಡರು.

"ನಾ ಇವರ ಮಗಾ ಆಯಿ," ಎಂದೆ.