ಶಾರ್ಜಾಕ್ಕೆ ಹೋದ ಐದು ಕಂಚಿಹುಳಿ

ಊರಿಗೆ ಹೋಗಿ ಬರುವಾಗೆಲ್ಲ ನಮಗೆ ಎಂತಾದರೊಂದು ಆಗಿಯೇ ಆಗ್ತದೆ. ಅದನ್ನೆಲ್ಲ ಬೇರೆಯವರಿಗೆ ಹೇಳುವುದು ಅಮ್ಮ. ನಾನು ಪುಸ್ತಕ ಹಿಡಿದು ಮೂಲೆಯಲ್ಲಿ ಕೂತಿರ್ತೇನೆ. ಇದೊಂದನ್ನು ಮಾತ್ರ ನಾನೇ ಹೇಳ್ತೇನೆ.

ಆ ವರ್ಷವೂ ಅಪ್ಪನಿಗೆ ರಜೆ ಸಿಗಲಿಲ್ಲ, ಅದು ಮೂರನೇ ವರ್ಷ. ಶಾರ್ಜಾದ ಫ್ಲ್ಯಾಟಿನಲ್ಲಿ ಊಟಕ್ಕೆ ಕೂತರೆ ಎರಡು ತುತ್ತು ತಿಂದು ಏಳ್ತಿದ್ದರು. "ಮನೆಯ ಮರದ ಕಂಚಿಹುಳಿ ಗೊಜ್ಜು ಇದ್ದಿದ್ದರೆ..." ಅಂತ ಬೇರೆ. ಅಮ್ಮನೂ ನಾನೂ ಬೆಳ್ಳೂರಿಗೆ ಹೊರಟಾಗ ಅವರು ಕೇಳಿದ್ದು ಅದೊಂದನ್ನೇ.

೧. ಅಜ್ಜಿಯ ಪ್ಯಾಕಿಂಗ್

ಅಜ್ಜಿ ಒಳ್ಳೆ ದಪ್ಪದ ಐದು ಕಂಚಿಹುಳಿ ಕೊಯ್ಯಿಸಿದರು, ನಿಂಬೆ ಜಾತಿಯದ್ದೇ, ಒಂದೊಂದೂ ಕಿತ್ತಳೆಯಷ್ಟು. ನಮ್ಮಲ್ಲಿ ಗಲ್ಫಿಗೆ ಹೋಗುವ ಪೆಟ್ಟಿಗೆಗೆ ಹಗ್ಗ ಬಿಗಿದು, ನಾಲ್ಕೂ ಬದಿಗೆ ದೊಡ್ಡಕ್ಕೆ ಹೆಸರು ಬರೆಯುವ ಕ್ರಮ ಉಂಟಲ್ಲ? ಪೆಟ್ಟಿಗೆಗೆ ಬರೆದಾದ ಮೇಲೆ ಅಜ್ಜಿ, "ಹಣ್ಣಿನ ಮೇಲೂ ಬರಿ" ಅಂದರು.

"ಎಲ್ಲದರ ಮೇಲೂವಾ ಅಜ್ಜಿ?"

"ಮತ್ತೆ? ಪೆಟ್ಟಿಗೆ ಒಡೆದು ವಿಮಾನದೊಳಗೆ ಉರುಳಿದರೆ ಯಾರದ್ದು ಅಂತ ಗೊತ್ತಾಗುವುದು ಹೇಗೆ?"

ಮಾರ್ಕರ್ ಪೆನ್ನಲ್ಲಿ ಐದಕ್ಕೂ ಇಂಗ್ಲಿಷಿನಲ್ಲಿ ಅಪ್ಪನ ಹೆಸರು ಬರೆದೆ. ಅಜ್ಜಿ ಒಂದನ್ನು ತಿರುಗಿಸಿ ನೋಡಿ, "ಈ ಬದಿ ಖಾಲಿ ಉಂಟಲ್ಲ, ಪಾಸ್‌ಪೋರ್ಟ್ ನಂಬ್ರವೂ ಹಾಕು" ಅಂದರು.

೨. ಏರ್‌ಪೋರ್ಟ್

ಶಾರ್ಜಾದಲ್ಲಿ ಇಳಿದಾಗ, ಸ್ಕ್ಯಾನರಿನಲ್ಲಿ ಐದು ಉಂಡೆ ಕಂಡು ಪೆಟ್ಟಿಗೆ ಬಿಚ್ಚಿಸಿದರು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ನನಗೆ ಇಂಗ್ಲಿಷ್ ಬರ್ತದೆ, ಮಾತು ಬರುವುದಿಲ್ಲ. ಡಿಕ್ಷನರಿಯಲ್ಲಿ ಹುಡುಕಿಟ್ಟಿದ್ದ ಹಣ್ಣಿನ ಹೆಸರೂ ಮರೆತುಹೋಯಿತು. ಇವರು ತೆಗೆದು ಬಿಸಾಡಿದರೆ ಅಪ್ಪನಿಗೆ ಎಂತ ಹೇಳುವುದು?

ಆಫೀಸರ್ ಒಂದು ಹಣ್ಣು ಎತ್ತಿ, ಮೇಲಿದ್ದ ಹೆಸರು ಓದಿ, "ಇದು ಯಾರು?" ಅಂತ ಕೇಳಿದರು.

"ನನ್ನ ಅಪ್ಪ" ಅಂದೆ.

ಅವರು ಹಣ್ಣನ್ನು ನೋಡಿದರು, ನನ್ನನ್ನು ನೋಡಿದರು. ಮತ್ತೆ ಎರಡೂ ಕೈಯಲ್ಲಿ ಅದನ್ನು ಮೆಲ್ಲ ಪೆಟ್ಟಿಗೆಯೊಳಗೆ ಮಲಗಿಸಿ, "ಅಪ್ಪನನ್ನು ಜಾಗ್ರತೆ ಕರ್ಕೊಂಡು ಹೋಗು" ಅಂದರು.

೩. ಗೊಜ್ಜು

ಮರುದಿನ ಮಧ್ಯಾಹ್ನ ಅಮ್ಮ ಗೊಜ್ಜು ಮಾಡಿದರು. ಅಪ್ಪನ ಬಾಯಲ್ಲಿ ಕಂಚಿಹುಳಿ ಪುರಾಣ ಕೇಳಿ ಕೇಳಿ ಸಾಕಾಗಿದ್ದ ಪಕ್ಕದ ಫ್ಲ್ಯಾಟಿನ ಬ್ಯಾರಿ ಅಂಕಲ್ಲೂ ಊಟಕ್ಕೆ ಬಂದರು. ಊರಿಂದ ಅಜ್ಜಿ ಫೋನಿನ ಸ್ಪೀಕರಿನಲ್ಲಿ.

ಅಪ್ಪ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಮತ್ತೆ ಫೋನಿನ ಕಡೆ ಬಗ್ಗಿ ಕೇಳಿದರು:

"ಅಮ್ಮಾ, ಇದು ಇಷ್ಟು ಕಹಿ ಇತ್ತಾ?"

"ನಿನಗೆಲ್ಲಿ ಗೊತ್ತುಂಟು ಮಾರಾಯ!" ಅಂದರು ಅಜ್ಜಿ. "ಗೊಜ್ಜು ಮಾಡಿದ ದಿನ ನೀನು ಊಟ ಬಿಟ್ಟು ಓಡ್ತಿದ್ದಿ. ಒಂದು ದಿನ ನಾಲಿಗೆಗೆ ಮುಟ್ಟಿಸಿದ್ದುಂಟಾ?"

ಬ್ಯಾರಿ ಅಂಕಲ್ಲಿಗೆ ನಕ್ಕು ನಕ್ಕು ಅನ್ನ ನೆತ್ತಿಗೇರಿತು. ಅಪ್ಪನಿಗೆ ಬೇಜಾರಾಯಿತೋ ಅಂತ ನಾನು ಹೆದರಿದರೆ, ಅವರೂ ನಗ್ತಾ ಇದ್ದಾರೆ! ಬಟ್ಟಲು ಮುಂದೆ ತಳ್ಳಿ, "ಇನ್ನೂ ಸ್ವಲ್ಪ ಅನ್ನ ಹಾಕು" ಅಂದರು. ಅಬ್ಬ, ಅವರು ಎರಡನೇ ಸಲ ಅನ್ನ ಕೇಳದೆ ಎಷ್ಟು ಕಾಲ ಆಗಿತ್ತು!

"ತಿಂತಾ ಇದ್ದಾರೆ ಅಜ್ಜಿ!" ಅಂತ ನಾನು ಫೋನಿಗೆ ಬೊಬ್ಬೆ ಹಾಕಿದೆ.

"ಹೌದಾ?" ಅಂದರು ಅಜ್ಜಿ. "ಹಾಗಾದರೆ ಇನ್ನೊಂದು ವರ್ಷ ಅಲ್ಲೇ ಇರಲಿ. ಹಾಗಲಕಾಯಿಯೂ ಅಭ್ಯಾಸ ಆಗ್ತದೆ."