ಓಣಿಯ ನೀರಿನ ಗ್ರೂಪಿಗೆ ನಾನು ಶಿಸ್ತು ಕಲಿಸಿದ್ದು

ಗುರುವಾರ, ಬೆಳಿಗ್ಗೆ ಐದೂ ಮುಕ್ಕಾಲು. ಸ್ಥಳ: ವಿಜಯಪುರದ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು: ನಾನು, ನನ್ನ ಮೊಬೈಲು, ಮತ್ತು ಚಹಾದ ಕಪ್ಪು ಇಟ್ಟು ಒಳಗೆ ಹೋದ ನನ್ನ ಪತ್ನಿ ಶಾಂತಾ. ಮಗಳು ಸವಿತಾ ಗೈರುಹಾಜರಿ, ಮಲಗಿದ್ದಳು. ಏಳು ತಿಂಗಳ ಗರ್ಭಿಣಿಯನ್ನು ಆ ಹೊತ್ತಿಗೆ ಎಬ್ಬಿಸುವಷ್ಟು ಶಿಸ್ತು ನನ್ನಲ್ಲೂ ಇಲ್ಲ.

ಮರುದಿನ ಅವಳ ಕುಬಸ. ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಬಂದವರಿಗೆಲ್ಲ ಹೋಳಿಗೆ ಊಟ ಹಾಕುವ ಕಾರ್ಯ. ಬೀಗರ ಕಡೆಯವರು, ಶಾಂತಾಳ ತವರಿನವರು, ಓಣಿಯವರು ಸೇರಿ ಅರವತ್ತು ಮಂದಿ. ಎಲ್ಲ ತಯಾರಿಯೂ ನನ್ನ ಪಟ್ಟಿಯ ಪ್ರಕಾರ ನಡೆದಿತ್ತು. ಉಳಿದದ್ದು ಒಂದೇ ಸಾಲು: ನೆಲದ ಟಾಕಿಗೆ ನೀರು ತುಂಬಿಸುವುದು. ನಮ್ಮ ಓಣಿಗೆ ನಳದ ನೀರು ಪಾಳಿಯ ಮೇಲೆ ಬರುತ್ತದೆ. ಆ ದಿನ ನಮ್ಮ ಪಾಳಿ. ಆದ್ದರಿಂದ ಆ ಸಾಲಿನ ಮುಂದೆ ಪೆನ್ಸಿಲಿನಿಂದ ಮುಂಗಡವಾಗಿಯೇ ಸರಿ ಗುರುತು ಹಾಕಿಟ್ಟಿದ್ದೆ.

ನಾನು ಬಸ್ ನಿಲ್ದಾಣದ ನಿವೃತ್ತ ಕಂಟ್ರೋಲರ್. ಮೂವತ್ತಮೂರು ವರ್ಷ ಬಂದ ಬಸ್ಸು, ಹೋದ ಬಸ್ಸು, ಬರಬೇಕಾಗಿದ್ದು ಬಾರದ ಬಸ್ಸು, ಮೂರಕ್ಕೂ ಬೇರೆ ಬೇರೆ ಕಾಲಂ ಎಳೆದು ಬರೆದವನು. ತಿಕೋಟಾ ಬಸ್ಸನ್ನು ಬಬಲೇಶ್ವರದ ಜಾಗದಲ್ಲಿ ಒಂದು ನಿಮಿಷವೂ ನಿಲ್ಲಗೊಟ್ಟವನಲ್ಲ. ಇಂಥ ನನ್ನನ್ನು ಅಂಗೈ ಅಗಲದ ಮೊಬೈಲೊಂದು ತಿಂಗಳುಗಟ್ಟಲೆ ಕಂಗೆಡಿಸಿತ್ತು. ನಿವೃತ್ತ ನೌಕರರ ಗ್ರೂಪು, ಬೆಳಗಿನ ನಡಿಗೆಯವರ ಗ್ರೂಪು, ಕಾಖಂಡಕಿಯ ಸಾಲಿಯಲ್ಲಿ ಜೊತೆಗೆ ಓದಿದವರ ಗ್ರೂಪು. ಹೆಂಡತಿಯ ತಮ್ಮ ಈರಣ್ಣ ಕಳ್ಳಕವಟಗಿಯಲ್ಲಿ ದ್ರಾಕ್ಷಿ ಬೆಳೆಯುತ್ತಾನೆ; ನನಗೆ ಒಂದು ದ್ರಾಕ್ಷಿ ಬಳ್ಳಿಯೂ ಇಲ್ಲದಿದ್ದರೂ ಅವನು ನನ್ನನ್ನು ಮನೂಕ ಅಂದರೆ ಒಣದ್ರಾಕ್ಷಿಯ ದರದ ಗ್ರೂಪಿಗೆ ಸೇರಿಸಿದ್ದ. ಶಾಂತಾಳ ತವರಿನವರ ಗ್ರೂಪು ಬೇರೆ. ಒಂದು ಟಣ್ ಅಂದರೆ ಇನ್ನೊಂದು ಟಿಂಗ್ ಅನ್ನುತ್ತಿತ್ತು.

ಪರಿಹಾರವಾಗಿ ನಾನು ಒಂದು ರಿಜಿಸ್ಟರು ತೆರೆದಿದ್ದೆ. ಬಂದ ವೇಳೆ, ಬಂದ ಗ್ರೂಪು, ವಿಷಯ, ಕೈಗೊಂಡ ಕ್ರಮ. ಮೊದಲ ದಿನ ಎರಡು ಪುಟ ಬರೆದೆ. 'ವಿಷಯ' ಎಂಬ ಕಾಲಮಿನಲ್ಲಿ ಹತ್ತೊಂಬತ್ತು ಸಲ 'ಗುಲಾಬಿ ಹೂವು' ಎಂದು ಬಿತ್ತು. 'ಕೈಗೊಂಡ ಕ್ರಮ'ದಲ್ಲಿ ಏನು ಬರೆಯಬೇಕೆಂದು ತಿಳಿಯದೆ 'ನೋಡಲಾಯಿತು' ಎಂದು ಬರೆದೆ. ಒಂದನ್ನು ಬರೆಯುವಷ್ಟರಲ್ಲಿ ಏಳು ಬರುತ್ತಿದ್ದವು. ಬಸ್ಸುಗಳಾಗಿದ್ದರೆ ಊರೇ ಜಾಮ್ ಆಗುತ್ತಿತ್ತು.

ಆದ್ದರಿಂದ ಆ ಗುರುವಾರ, ಕಾರ್ಯದ ಮನೆಯಲ್ಲಿ ಗದ್ದಲ ಬೇಡವೆಂದು, ನೋಟಿಫಿಕೇಷನ್ನುಗಳಿಗೆ ಕೊನೆಯ ಕ್ರಮ ಕೈಗೊಳ್ಳಲು ಕುಳಿತೆ.

ಆರು ಗಂಟೆ. ನಾಲ್ಕು ಗ್ರೂಪುಗಳ ಬಾಯಿ ಮುಚ್ಚಿಸಿದೆ. ಎಷ್ಟು ಹೊತ್ತು ಎಂದು ಮೊಬೈಲು ಕೇಳಿತು: ಎಂಟು ತಾಸು, ಒಂದು ವಾರ, ಯಾವಾಗಲೂ. ವಿಚಾರಣೆ ಇಲ್ಲದೆ ಯಾರನ್ನೂ ಕಾಯಂ ಆಗಿ ಅಮಾನತು ಮಾಡುವುದು ನಿಯಮಕ್ಕೆ ವಿರುದ್ಧ. ಎಂಟು ತಾಸು ಎಂದರೆ ಒಂದು ಡ್ಯೂಟಿ. ಅದನ್ನೇ ಒತ್ತಿದೆ.

ಆರೂ ನಲವತ್ತು. ತವರಿನವರ ಗ್ರೂಪು. ಅಲ್ಲಿ ಹಿಂದಿನ ಸಂಜೆಯಿಂದ ನಾಳೆ ಯಾರು ಯಾವ ಸೀರೆ ಉಡಬೇಕೆಂಬ ಚರ್ಚೆ ನಡೆದು ನೂರಾ ನಾಲ್ಕು ಮೆಸೇಜು ಬಿದ್ದಿದ್ದವು. ಸೀರೆಯ ವಿಷಯದಲ್ಲಿ ನನ್ನ ಅಭಿಪ್ರಾಯಕ್ಕೆ ಕೆಲಸವಿಲ್ಲ. ಹೊರಗೆ ಬರುವುದೇ ಸರಿ ಎನಿಸಿತು. ಆದರೆ ಹೇಳದೆ ಕೇಳದೆ ಎದ್ದು ಹೋಗುವುದು ಸಭ್ಯತೆಯಲ್ಲ. ಆದ್ದರಿಂದ ಬರೆದೆ: 'ಈ ದಿನದಿಂದ ಈ ಗ್ರೂಪಿನೊಂದಿಗಿನ ನನ್ನ ಸಂಬಂಧವನ್ನು ಸ್ವಇಚ್ಛೆಯಿಂದ ಕಡಿದುಕೊಳ್ಳುತ್ತಿದ್ದೇನೆ. ಇದುವರೆಗಿನ ಸಹಕಾರಕ್ಕೆ ವಂದನೆಗಳು.' ಬರೆದು ಹೊರಬಿದ್ದೆ. ಒಳ್ಳೆಯ ಭಾಷೆ ಎಂದು ನನಗೆ ನಾನೇ ಮೆಚ್ಚಿಕೊಂಡೆ.

ಏಳು ಗಂಟೆ. ಉಳಿದದ್ದು ಓಣಿಯ ನೀರಿನ ಗ್ರೂಪು.

ಇದು ಎಲ್ಲಕ್ಕಿಂತ ಮುಖ್ಯ. ನಳಕ್ಕೆ ಮೊದಲ ಹತ್ತು ನಿಮಿಷ ರಾಡಿ ನೀರು ಬರುತ್ತದೆ. ಅದು ಟಾಕಿಗೆ ಇಳಿಯಬಾರದೆಂದು ಓಣಿಯವರೆಲ್ಲ ನಳದ ಚಾವಿ ಬಿಗಿಯಾಗಿ ಮುಚ್ಚಿಟ್ಟಿರುತ್ತೇವೆ. ನೀರು ಬಿಡುವ ಹಣಮಂತ ತಿಳಿ ನೀರು ಬಂದ ಮೇಲೆ ಗ್ರೂಪಿಗೆ 'ನೀರ್ ಬಿಟ್ಟೇನ್ರಿ' ಎಂದು ಹಾಕುತ್ತಾನೆ. ಆಗ ಎಲ್ಲರೂ ಓಡಿ ಚಾವಿ ತೆಗೆಯುತ್ತಾರೆ. ಆದರೆ ಆ ಒಂದು ಸಾಲು ಶುಭೋದಯ, ಹುಟ್ಟುಹಬ್ಬ, ಕಳೆದುಹೋದ ಬೆಕ್ಕು, ಇವುಗಳ ರಾಶಿಯಲ್ಲಿ ಮುಚ್ಚಿಹೋಗುತ್ತಿತ್ತು. ಹಿಂದಿನ ಅಡ್ಮಿನ್ ತೊರವಿಯ ಕಡೆ ಹೊಸ ಮನೆ ಕಟ್ಟಿಸಿಕೊಂಡು ಹೋಗುವಾಗ ಅಧಿಕಾರವನ್ನು ನನಗೆ ಒಪ್ಪಿಸಿದ್ದರು. ನಾನು ಈಗ ಏಕೈಕ ಅಡ್ಮಿನ್. ಸೆಟ್ಟಿಂಗ್ ತೆರೆದು ನೋಡಿದರೆ ನನಗಾಗಿಯೇ ಮಾಡಿಟ್ಟಂಥ ಒಂದು ನಿಯಮ ಕಂಡಿತು: ಅಡ್ಮಿನ್‌ಗಳು ಮಾತ್ರ ಸಂದೇಶ ಕಳುಹಿಸಬಹುದು. ಒತ್ತಿದೆ.

ಕೂಡಲೇ ಆದೇಶ ಹೊರಡಿಸಿದೆ: 'ಇನ್ನು ಮುಂದೆ ಈ ಗ್ರೂಪಿನಲ್ಲಿ ನೀರಿನ ಸುದ್ದಿ ಬಿಟ್ಟು ಬೇರೇನೂ ಬರತಕ್ಕದ್ದಲ್ಲ.'

ಯಾರೂ ಎದುರು ಮಾತಾಡಲಿಲ್ಲ. ಇಂಥ ವಿಧೇಯತೆಯನ್ನು ನಾನು ಸರ್ವಿಸಿನಲ್ಲೂ ಕಂಡಿರಲಿಲ್ಲ.

ಮೊಬೈಲನ್ನು ಸದ್ದಿಲ್ಲದಂತೆ ಮಾಡಿ ಕಪಾಟಿನಲ್ಲಿಟ್ಟೆ. ಅರ್ಧ ತಾಸಿಗೊಮ್ಮೆ ಹೋಗಿ, ಪರದೆಯ ಮೇಲಿನ ಬೇರಾವ ಗುರುತನ್ನೂ ನೋಡದೆ, ನೀರಿನ ಗ್ರೂಪನ್ನಷ್ಟೇ ತೆರೆದು ತಪಾಸಣೆ ಮಾಡುವುದು ಹೊಸ ಪದ್ಧತಿ. ಎಂಟಕ್ಕೆ ನೋಡಿದೆ. ಮೆಸೇಜಿಲ್ಲ. ಎಂಟೂವರೆ, ಇಲ್ಲ. ಒಂಬತ್ತು, ಒಂಬತ್ತೂವರೆ, ಹತ್ತು, ಹತ್ತೂವರೆ, ಒಂದು ಗುಲಾಬಿಯೂ ಇಲ್ಲ.

"ನೀರಿಂದೇನಾರ ಸುದ್ದಿ ಬಂತೇನ್ರಿ?" ಬ್ಯಾಳಿ ಆರಿಸುತ್ತ ಕುಳಿತಿದ್ದ ಶಾಂತಾ ಕೇಳಿದಳು. "ನನ್ನ ಮೊಬೈಲಿನ್ಯಾಗೂ ನೀರಿಂದು ಏನೂ ಬಂದಿಲ್ಲ."

"ಬಂದರ ನನಗ ಗೊತ್ತಾಗತೈತಿ. ಈಗ ಆ ಗ್ರೂಪಿನ್ಯಾಗ ನೀರಿನ ಸುದ್ದಿ ಬಿಟ್ಟು ಒಂದು ಇರುವಿನೂ ಹಾಯೂದಿಲ್ಲ."

"ಇಷ್ಟೊತ್ತಿಗಿ ಬರಬೇಕಿತ್ತಲ್ರಿ."

"ಲೇಟ್ ಇರಬೇಕು," ಎಂದೆ. ಮೂವತ್ತಮೂರು ವರ್ಷ ಪ್ರಯಾಣಿಕರಿಗೆ ಕೊಟ್ಟ ಉತ್ತರ. ತಾನಾಗಿಯೇ ಬಾಯಿಗೆ ಬಂತು.

ಹನ್ನೊಂದೂ ಕಾಲಿಗೆ ಎದುರು ಮನೆಯ ಗಂಗವ್ವ ಒದ್ದೆ ಸೆರಗು ಹಿಂಡುತ್ತ ಬಂದರು. ನಳ ಮುಚ್ಚುವ ಪದ್ಧತಿಯೇ ಇಲ್ಲದವರು ಇಡೀ ಓಣಿಗೆ ಅವರೊಬ್ಬರೇ. ಚಾವಿ ಕೆಟ್ಟು ವರ್ಷವಾಗಿದೆ.

"ಏನ್ ಶಾಂತಕ್ಕಾ, ಇವತ್ತ ನೀರು ಭಾಳ ಜೋರ್ ಬಂದ್ವು ನೋಡ್ರಿ. ಕೊಡ, ಬಕೀಟು, ಮತ್ತ ಹಿತ್ತಲದಾಗಿನ ಕಡಾಯಿನೂ ತುಂಬೀನಿ. ನಿಮ್ಮದು ತುಂಬಿತಿಲ್ಲೋ?"

ಶಾಂತಾ ಬ್ಯಾಳಿಯ ಮೊರ ಕೆಳಗಿಟ್ಟಳು. "ಯಾವಾಗ ಬಂದಿದ್ವು?"

"ಒಂಬತ್ತೂವರಿಗಿ ಬಂದ್ವು, ಈಗ ಹೋದ್ವು. ನಿಮಗ ಹಣಮಂತ ಹೇಳಿಲ್ಲೇನು?"

ನಾನು ಹೊರಗೆ ಓಡಿ ನಳದ ಚಾವಿ ತಿರುಗಿಸಿದೆ. ಅದು ಒಮ್ಮೆ ಉಸ್ ಎಂದಿತು. ಎರಡು ಹನಿ ಬಿತ್ತು. ಓಣಿಯ ಉದ್ದಕ್ಕೂ ಹತ್ತು ಮನೆಗಳ ಮುಂದೆ ಹತ್ತು ಮಂದಿ ಬಗ್ಗಿ ಅದೇ ಉಸ್ ಸದ್ದು ಕೇಳುತ್ತಿದ್ದರು. ಗಂಗವ್ವನ ಸುದ್ದಿ ಯಾವ ಗ್ರೂಪಿನ ಸಹಾಯವೂ ಇಲ್ಲದೆ ಆಗಲೇ ಹರಡಿತ್ತು.

ಹಣಮಂತ ತನ್ನ ಸೈಕಲ್ ಮೇಲೆ, ವಾಲ್ ತಿರುಗಿಸುವ ಉದ್ದನೆಯ ಕಬ್ಬಿಣದ ಚಾವಿ ಹೆಗಲ ಮೇಲಿಟ್ಟುಕೊಂಡು ಓಣಿಯ ತುದಿಯಲ್ಲಿ ಸಿಕ್ಕ.

"ಹಣಮಂತಾ, ನೀರು ಬಿಟ್ಟು ಹೇಳಬೇಕೋ ಬ್ಯಾಡೋ? ಡ್ಯೂಟಿ ಅಂದರ ಏನು ಅಂತ ತಿಳದೀ?"

ಅವನು ಸೈಕಲ್ ಇಳಿದು, ಮೊಬೈಲು ತೆಗೆದು, ನನ್ನ ಮುಖದ ಮುಂದೆ ಹಿಡಿದ. "ನಾ ಹಾಕಾಕ ಹ್ವಾದೆ ರೀ ಸಾಹೇಬ್ರ. ಬರಿಯೂ ಜಾಗಾನಽ ಇಲ್ಲ. ಅಡ್ಮಿನ್ ಮಾತ್ರ ಬರೀಬೇಕಂತ ಬರದೈತಿ. ಅಡ್ಮಿನ್ ಯಾರಂತ ನೋಡಿದ್ರ ನೀವು. ನಿಮಗ ಮೂರ ಸಲ ಫೋನ್ ಹಚ್ಚೇನಿ. ನೀವು ಎತ್ತಲಿಲ್ಲ. ದೊಡ್ಡಾವ್ರು, ಎಲ್ಲಾರಿಗೂ ತಾವಽ ಹೇಳಿರ್ತಾರ ಅನ್ಕೊಂಡ್ಯಾ."

ಮೊದಲು ಅವನ ಮೊಬೈಲು ನೋಡಿದೆ, ಆಮೇಲೆ ಅವನನ್ನು ನೋಡಿದೆ, ಆಮೇಲೆ ನೆಲ ನೋಡಿದೆ. ಗದ್ದಲವನ್ನು ಹೊರಗಿಡಲು ಹಾಕಿದ ಕದದ ಆಚೆಗೆ ನಿಂತದ್ದು ನೀರು ಬಿಡುವವನೇ.

"ಇನ್ನೊಮ್ಮೆ ಒಂದ್ ಅರ್ಧ ತಾಸು ಬಿಡಾಕ ಬರೂದಿಲ್ಲೇನೋ?"

"ವಾಲ್ ಆಚೆ ಓಣಿಗಿ ತಿರುವೇನ್ರಿ. ಇನ್ನ ನಿಮ್ಮ ಪಾಳಿ ಮುಂದಿನ ವಾರ."

ಅಷ್ಟರಲ್ಲಿ ಹತ್ತೂ ಮನೆಯವರು ನಮ್ಮ ಸುತ್ತ ನಿಂತಿದ್ದರು. ಬೆಳಿಗ್ಗೆ ನಾನು ಮೆಚ್ಚಿದ ವಿಧೇಯತೆಯ ರಹಸ್ಯ ಆಗ ಬಯಲಾಯಿತು. ನನ್ನ ಆದೇಶಕ್ಕೆ ಅವರೆಲ್ಲ ಉತ್ತರ ಬರೆಯಲು ಯತ್ನಿಸಿದ್ದರು. ಈಗ ಅದನ್ನು ಒಬ್ಬೊಬ್ಬರಾಗಿ ಬಾಯಿಂದ ಹೇಳಿದರು. ಇಲ್ಲಿ ಮ್ಯೂಟ್ ಇರಲಿಲ್ಲ.

ನಡುಹಗಲು ಹನ್ನೆರಡು. ಮನೆಗೆ ಬಂದರೆ ಶಾಂತಾ ಫೋನು ಹಿಡಿದು ನಿಂತಿದ್ದಳು. ಮುಖ ನೋಡಿದ ಕೂಡಲೆ ನೀರಿಗಿಂತ ದೊಡ್ಡದೇನೋ ಒಣಗಿದೆ ಎಂದು ತಿಳಿಯಿತು.

"ಈರಣ್ಣ ಅದಾನ. ಮುಂಜಾನಿಂದ ನಿಮಗ ಫೋನ್ ಮಾಡಿ ಮಾಡಿ ಸಾಕಾಗಿ ನನಗ ಹಚ್ಯಾನ. ನಾ ಕೆಲಸದಾಗ ಗ್ರೂಪ್ ನೋಡಿದ್ದಿಲ್ಲ. ಸಂಬಂಧ ಕಡಕೋತೀನಿ ಅಂತ ಬರದೀರಂತಲ್ಲ? ನನ್ನ ತವರುಮನಿಯವ್ರ ಜೋಡಿ?"

"ಗ್ರೂಪಿನ ಜೋಡಿ ಅಂತ ಬರದೇನಿ."

"ಆ ಗ್ರೂಪಿನ್ಯಾಗ ಮತ್ತ್ಯಾರದಾರ? ಬಸ್ ಸ್ಟ್ಯಾಂಡಿನವ್ರು ಅದಾರೇನು?"

ಫೋನು ಕಿವಿಗಿಟ್ಟುಕೊಂಡೆ. ಈರಣ್ಣ ಯಾವಾಗಲೂ ಜೋರಾಗಿ ಮಾತಾಡುವವನು. ಆ ದಿನ ಮೆಲ್ಲಗೆ ಮಾತಾಡಿದ. ಅದೇ ಭಯ ಹುಟ್ಟಿಸಿತು.

"ಮಾವಾರ, ನಮ್ಮ ಕಡಿಂದ ಏನ್ ತಪ್ಪಾಗೇತಿ ಹೇಳಿಬಿಡ್ರಿ. ಅವ್ವ ಮುಂಜಾನಿಂದ ಚಹಾ ಕುಡದಿಲ್ಲ. ಉಡಿ ತುಂಬೂ ಸಾಮಾನು ಎಲ್ಲಾ ಕಟ್ಟಿಟ್ಟೇವಿ. ನಾಳಿ ನಾವು ಬರೂದೋ ಬ್ಯಾಡೋ?"

"ಏ ಈರಣ್ಣಾ, ಅದು ನೋಟಿಫಿಕೇಷನ್ ಭಾಳ ಬರ್ತಿದ್ವು ಅಂತ..."

"ನಮ್ಮ ಮಂದಿ ಮಾತು ನಿಮಗ ಭಾಳ ಆದ್ವು ಅಂದಂಗಾತು."

ವಿವರಿಸಿದಷ್ಟೂ ಅದು ಹದಗೆಡುತ್ತಿತ್ತು. ಪಕ್ಕದಲ್ಲಿ ಸವಿತಾ ಎದ್ದು ಬಂದು ನಿಂತಿದ್ದಳು. ಕುಬಸಕ್ಕೆ ಅಜ್ಜಿಯೂ ಇಲ್ಲ, ಸೋದರಮಾವನೂ ಇಲ್ಲ, ನೀರೂ ಇಲ್ಲ ಎಂಬುದನ್ನು ಬೆರಳಲ್ಲಿ ಎಣಿಸಿದಂತೆ ನನ್ನನ್ನು ನೋಡಿದಳು. "ಅಪ್ಪಾ," ಎಂದಳು, "ಮಾಮಾಗ ಖರೇ ಏನಾಗೇತಿ ಅದನ್ನ ಹೇಳಿಬಿಡು. ಆಫೀಸಿನ ಮಾತು ಬ್ಯಾಡ."

ಮೂವತ್ತಮೂರು ವರ್ಷದಲ್ಲಿ ನಾನು ಯಾವ ವರದಿಯಲ್ಲೂ ಬರೆಯದ ಮಾತನ್ನು ಹೇಳಿದೆ. "ಈರಣ್ಣಾ, ಆ ಮೊಬೈಲು ನನಗ ತಿಳಿಯಂಗಿಲ್ಲಪ್ಪ. ಏನು ಒತ್ತಿದರ ಏನಾಗತೈತಿ ಗೊತ್ತಿಲ್ಲದಽ ಒತ್ತೇನಿ. ನಿಮ್ಮನ್ನೂ ಕಳಕೊಂಡೆ, ಓಣಿಗಿ ಬಂದ ನೀರೂ ಕಳಕೊಂಡೆ. ನಾಳಿ ಅರವತ್ತು ಮಂದಿ ಬರಾವ್ರು. ಟಾಕ್ಯಾಗ ಬಕೀಟು ಮುಳುಗೂದಿಲ್ಲ."

ಆ ಕಡೆ ಅವನು ನಗತೊಡಗಿದ. ನಗುತ್ತಲೇ ತನ್ನ ತಾಯಿಗೆ ಕೂಗಿ ಹೇಳಿದ: "ಯವ್ವಾ, ಚಹಾ ಕುಡಿಬೇ. ಮಾವಾರಿಗಿ ಸಿಟ್ಟು ಬಂದಿಲ್ಲ, ಮೊಬೈಲ್ ಬರೂದಿಲ್ಲ ಅಷ್ಟಽ." ಅತ್ತೆಯವರು ನಕ್ಕದ್ದೂ ನನಗೆ ಕೇಳಿತು.

"ನಮ್ಮ ಬಾವಿ ನೀರು ಟ್ಯಾಂಕರಿಗಿ ತುಂಬಿ ಟ್ರ್ಯಾಕ್ಟರ್ ತರ್ತೀನಿ," ಎಂದ. "ಆದರ ಒಂದು ಮಾತು. ನೀವು ಗ್ರೂಪಿಗಿ ತಿರುಗಿ ಬರಬೇಕು. ಮಂದಿ ಎಲ್ಲಾ ನೋಡ್ಯಾರ."

"ಬರ್ತೀನಿ. ಈರಣ್ಣಾ, ಆ ಟ್ಯಾಂಕರಿನ್ಯಾಗ ದ್ರಾಕ್ಷಿ ಹುಳಕ್ಕ ಹೊಡಿಯೂ ಎಣ್ಣಿ ಏನಾರ ಕಲಸ್ತಿದ್ರೇನು?"

"ಎಣ್ಣಿ ಹೊಡಿಯೂ ಟ್ಯಾಂಕರ್ ಬ್ಯಾರೆ ಐತ್ರಿ. ಇದು ಆಳುಗಳಿಗಿ ಕುಡಿಯಾಕ ತರೂದು. ಇಷ್ಟು ತಪಾಸಣಿ ಮಾಡಾವ್ರು ಮೊಬೈಲಿನ್ಯಾಗ ಒಂದೀಟು ಮಾಡಬೇಕಿತ್ತು."

ಸಂಜೆ ಐದೂ ಇಪ್ಪತ್ತು. ತಿಕೋಟಾ ರಸ್ತೆಯಿಂದ ಬಂದ ಟ್ರ್ಯಾಕ್ಟರ್ ಓಣಿಯಲ್ಲಿ ನಿಂತಿತು. ಪೈಪು ಟಾಕಿಗೆ ಇಳಿಬಿಡಲು ನಾನು ಮುಂದಾದೆ. ಶಾಂತಾ ತಡೆದಳು. ಹತ್ತು ಮನೆಯ ಹೆಣ್ಣುಮಕ್ಕಳು ಕೊಡ ಹಿಡಿದು ನಿಂತಿದ್ದರು.

"ಮೊದಲ ಅವರಿಗಿ ಎರಡೆರಡು ಕೊಡ ಕೊಡ್ರಿ. ಅವರ ನೀರು ಕಳದಾವ್ರು ನೀವು."

ಕೊಟ್ಟೆ. ಕೊಡ ಎತ್ತಿಯೂ ಕೊಟ್ಟೆ. ಉಳಿದ ನೀರು ಟಾಕಿಗೆ ಇಳಿದು, ಬಾಯಿಗೆ ಒಂದು ಗೇಣು ಕಡಿಮೆ ನಿಂತಿತು. ಶಾಂತಾ ಬಗ್ಗಿ ನೋಡಿ, "ಸಾಕು, ಕಾರ್ಯ ಆಗತೈತಿ," ಎಂದಳು. ಆ ದಿನ ನನಗೆ ಸಿಕ್ಕ ಮೊದಲ ಒಳ್ಳೆಯ ಮಾತು.

ಆರೂವರೆ. ಓಣಿಯವರ ಸಮಕ್ಷಮದಲ್ಲಿ, ಸವಿತಾ ತೋರಿಸಿಕೊಟ್ಟಂತೆ, ಗ್ರೂಪಿನ ಕದ ತೆರೆದು ಹಣಮಂತನನ್ನು ಅಡ್ಮಿನ್ ಮಾಡಿದೆ. ಅಡ್ಮಿನ್ ಆಗಿ ಅವನು ಕಳುಹಿಸಿದ ಮೊದಲ ಸಂದೇಶ: ಶುಭ ಸಂಜೆ, ಕೆಳಗೆ ಗುಲಾಬಿ. 'ನೋಡಲಾಯಿತು' ಎಂದುಕೊಂಡೆ.

ಏಳು ಗಂಟೆ. ಈರಣ್ಣ ಹೋಗುವ ಮುಂಚೆ ನನ್ನನ್ನು ತವರಿನವರ ಗ್ರೂಪಿಗೆ ಮತ್ತೆ ಸೇರಿಸಿದ. ಕಳ್ಳಕವಟಗಿ, ತಿಕೋಟಾ, ಬಬಲೇಶ್ವರ, ಎಲ್ಲ ಕಡೆಯ ಬಂಧುಗಳಿಂದ 'ಮಾವಾರಿಗೆ ಸ್ವಾಗತ' ಎಂದು ಮೂವತ್ತೆಂಟು ಮೆಸೇಜು ಬಂದವು. ಒಬ್ಬರಿಗೆ ಉತ್ತರ ಕೊಟ್ಟು ಇನ್ನೊಬ್ಬರಿಗೆ ಬಿಟ್ಟರೆ ಮತ್ತೆ ಯಾರ ಮನೆಯಲ್ಲಿ ಯಾರು ಚಹಾ ಬಿಡುತ್ತಾರೋ ಹೇಳಲಾಗದು. ಕನ್ನಡಕ ಹಾಕಿಕೊಂಡು ಕುಳಿತು, ಅದೇ ಗ್ರೂಪಿನಲ್ಲಿ ಹೆಸರು ಹಿಡಿದು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಧನ್ಯವಾದ ಬರೆಯತೊಡಗಿದೆ. ಅಡುಗೆಮನೆಯಲ್ಲಿ ಹೂರಣ ರುಬ್ಬುತ್ತಿದ್ದ ಶಾಂತಾಳ ಮೊಬೈಲು ಟಣ್ ಎಂದಿತು. ಮತ್ತೆ ಟಣ್ ಎಂದಿತು. ಒಂದು ತಾಸು ಹಾಗೇ ನಡೆಯಿತು.

"ಯಾರ್ರೀ ಅದು," ಅವಳು ಒಳಗಿನಿಂದ ಕೂಗಿದಳು, "ತಲಿ ಚಿಟ್ಟು ಹಿಡಿಸ್ಯಾರಲ್ಲ, ಒಂದಽ ಸವನ ಕಳಸಾಕತ್ತಾರ. ಕೆಲಸಿಲ್ಲೇನು ಅವರಿಗಿ?"

ನಾನು ಮೂವತ್ತೆಂಟನೆಯ ಧನ್ಯವಾದ ಕಳುಹಿಸಿ, ಕನ್ನಡಕ ತೆಗೆದಿಟ್ಟು, ಎಂಟೂ ಹತ್ತಕ್ಕೆ ಆ ದಿನದ ಕೆಲಸ ಮುಗಿಸಿದೆ.

"ನಾನಽ," ಎಂದೆ.